ಇಪ್ಪತ್ತು ಇಂಚು

ಜುಲೈ ತಿಂಗಳು. ಮ್ಯಾಂಜಿಮಪ್ ಊರಲ್ಲಿ ಚಳಿಗಾಲ.
ಶಾಲೆಯ ಬಸ್ಸು ಓಡಿಸುವ ಡಲ್ಸಿ ಹ್ಯಾಸೆಲ್
ಟ್ರೈಚೆಯ ಅಂಗಡಿ ಹೊಕ್ಕವಳೇ
ಗೋಡೆಯತ್ತ ಬೆರಳು ಮಾಡಿದಳು:
"ಅದು. ಆ ಉದ್ದದ್ದು."

ಮೂವತ್ತಾರು ಇಂಚಿನ ಅಲಗು ಅದು,
ಅವನಪ್ಪ ರೈಲುಹಳಿಗೆ ಸ್ಲೀಪರು ಕೊಯ್ದ ಕಾಲದ್ದು.
ಪ್ರತಿ ಭಾನುವಾರ ಎಣ್ಣೆ ಸವರುತ್ತಾನೆ,
ಮಾರುವುದಿಲ್ಲ.
"ಅದಕ್ಕೆ ತಕ್ಕ ಮೋಟಾರು ಎತ್ತಲು ಇಬ್ಬರು ಬೇಕು,
ಅವರಲ್ಲೊಬ್ಬ ಮೂರ್ಖನಿರಬೇಕು.
ಮರ ಯಾವುದು?"

"ಜಾರಾ."

(ಆ ನೆಲದ ನೂಂಗಾರರ ಬಾಯಿಂದ ಬಂದ ಹೆಸರು.
ನಾನು ಕನ್ನಡದಲ್ಲಿ ಗೀಚಿಕೊಳ್ಳುವಾಗ ಮೊದಲ ದೀರ್ಘ ತಪ್ಪಿ
ಜರಾ ಆಯಿತು, ಮುಪ್ಪು ಆಯಿತು. ತಿದ್ದಲಿಲ್ಲ.)

"ಹಸಿಯೋ, ಒಣಗಿದ್ದೋ?"
"ಬೆಂಕಿ ಬಂದ ವರ್ಷವೇ ಸತ್ತು ನಿಂತಿತ್ತು.
ಮೊನ್ನೆ ಗಾಳಿಗೆ ಬಿತ್ತು, ಬಸ್ಸಿನ ದಾರಿಗೆ ಅಡ್ಡ.
ಹನ್ನೊಂದು ಮಕ್ಕಳು ಬೇಲಿ ನುಸಿದು ಬರುತ್ತಾರೆ.
ಕಚೇರಿಯವರು ಗುರುವಾರ ಅಂದರು,
ಯಾವ ಗುರುವಾರ ಅನ್ನಲಿಲ್ಲ."

ಟ್ರೈಚೆ ಹುಬ್ಬು ಏರಿಸಿದ.
ಒಣಗಿದ ಜಾರಾ ಮಾತು ಕೇಳದ ಮುದುಕ.
ಹೊಟ್ಟು ಇಟ್ಟಿಗೆ ಪುಡಿಯ ಬಣ್ಣ,
ತೊಗಟೆಯೊಳಗೆ ಇದ್ದಿಲು, ಗೆದ್ದಲ ಮಣ್ಣು,
ನಾಲ್ಕು ಕೊಯ್ತಕ್ಕೊಮ್ಮೆ ಕೂತು ಅರ ಉಜ್ಜಬೇಕು.
"ದಪ್ಪ?"

ಕೋಟಿನ ಜೇಬಿಂದ ದಾರದ ಸುರುಳಿ ತೆಗೆದಳು,
ಬಿದ್ದ ಮರದ ಹೊಟ್ಟೆಯಡಿ ತೂರಿಸಿ
ಸುತ್ತಿ, ಗಂಟು ಹಾಕಿ ತಂದದ್ದು.
ಕೌಂಟರಿನ ಅಂಚಿಗೆ ಹಿಡಿದರೆ ಏಳು ಅಡಿ ಚಿಲ್ಲರೆ.
"ಮೂರರಿಂದ ಭಾಗಿಸು, ಚೂರು ಕಳೆ.
ಇಪ್ಪತ್ತೇಳು ಇಂಚು."

"ಹಾಗಾದರೆ ಇಪ್ಪತ್ತೆಂಟರ ಅಲಗು ಕೊಡು,
ಮನೆಯಲ್ಲಿ ಐವತ್ತು ಸಿಸಿ ಮೋಟಾರಿದೆ."
"ಎಳಗರುವಿನ ಹೆಗಲಿಗೆ ನೊಗ ಹೂಡುತ್ತೀಯಾ?
ಪೈನ್ ಆದರೆ ಕ್ಷಮಿಸೀತು.
ಇಲ್ಲಿ ಅರ್ಧ ಇಳಿಯುವಷ್ಟರಲ್ಲಿ ಸರಪಳಿ ತೆವಳುತ್ತದೆ,
ನೀನು ಒತ್ತುತ್ತೀ, ಎಣ್ಣೆ ತುದಿ ಮುಟ್ಟುವುದಿಲ್ಲ,
ಉಕ್ಕು ನೀಲಿಯಾಗುತ್ತದೆ.
ಅರವತ್ತು ಸಿಸಿ ತಗೋ, ಇಪ್ಪತ್ತು ಇಂಚು.
ಹಾಸಿಗೆ ಅಷ್ಟೇ, ಕಾಲೂ ಅಷ್ಟೇ.
ಈ ಕಡೆಯಿಂದೊಮ್ಮೆ, ಆ ಕಡೆಯಿಂದೊಮ್ಮೆ.
ಮೂಲೆ ದುಂಡಗಿರುವ ಹಲ್ಲು: ಚೂಪು ಕಡಿಮೆ, ತಾಳಿಕೆ ಹೆಚ್ಚು."

ಯಂತ್ರ ಅವಳ ಕೈಗಿತ್ತು "ಹಿಡಿದಿರು" ಎಂದವನೇ
ಯಾರದೋ ಹುಲ್ಲು ಕೊಯ್ಯುವ ಗಾಡಿಯ ಬೆಲ್ಟಿನ ಬಗ್ಗೆ
ಫೋನಿನಲ್ಲಿ ಬೇಕೆಂದೇ ಉದ್ದ ಮಾತಾಡಿದ.
ಅವಳ ಮೊಣಕೈ ನಡುಗಿತು. ಇಳಿಸಲಿಲ್ಲ.
ಇಳಿಸದ್ದನ್ನು ಅವನೂ ನೋಡಿದ.

ರಸೀತಿಯ ನಡುವೆ ಪೆನ್ನು ನಿಂತಿತು.
"ಡಲ್ಸಿ, ತಟ್ಟಿ ನೋಡಿದೆಯಾ?"
"ಏನನ್ನು?"
"ಮರವನ್ನು. ಕೊಡಲಿಯ ಬೆನ್ನಿನಿಂದ."

ಸುತ್ತಳತೆ ತಂದವಳು
ಒಳಗನ್ನು ಕೇಳಿರಲಿಲ್ಲ.

ಕತ್ತಲಾಗುವ ಮುನ್ನ ಹೋಗಿ ತಟ್ಟಿದಳು.
ಬೇರಿನ ಕಡೆ ಠಕ್.
ನಡುವೆ ಠಕ್.
ಕೊಂಬೆ ಕವಲೊಡೆಯುವಲ್ಲಿ ಸದ್ದು ಬೇರೆ,
ಖಾಲಿ ಬಸ್ಸಿನ ಬಾಗಿಲು ಬಡಿದಂತೆ.
ಇನ್ನೊಮ್ಮೆ ತಟ್ಟಿದಳು.
ಒಳಗಿಂದ ಏನೋ
ಉಗುರಿನಲ್ಲಿ ಉತ್ತರ ಗೀರಿತು.

ಬೆಳಿಗ್ಗೆ ಅಂಗಡಿಯ ಶಟರು ಏಳುವ ಮೊದಲೇ ನಿಂತಿದ್ದಳು.
"ಟೊಳ್ಳು ಅಂದೆಯಾ? ಬಿಡು, ಹದಿನಾರು ಇಂಚು ಸಾಕು,
ನಿನ್ನ ಹಳೇ ಮೋಟಾರೇ ಸಾಕು. ಸಿಪ್ಪೆ ಕೊಯ್ಯುವ ಕೆಲಸ."
"ಇಪ್ಪತ್ತೇ ಕೊಡು. ಇನ್ನೊಂದು ಸರಪಳಿ, ಎರಡು ಅರ.
ಟೊಳ್ಳಿನಲ್ಲಿ ಜನ ಇದ್ದಾರೆ."
"ಯಾರು?"
"ಇಣುಕಲಿಲ್ಲ."

ಗಟ್ಟಿಯಿದ್ದ ಕಡೆಯೇ ಕೊಯ್ದಳು, ಮಧ್ಯಾಹ್ನ ದಾಟಿತು.
ಬಸ್ಸಿನ ಸೀಟಿನ ಮೇಲೆ ಕೂತು ಹಲ್ಲು ಹಲ್ಲಿಗೂ ಅರ ಹಾಕಿದಳು,
ಚಹಾ ಆರಿತು.
ಟೊಳ್ಳಿನ ತುಂಡನ್ನು ಟ್ರ್ಯಾಕ್ಟರಿಗೆ ಕಟ್ಟಿ
ಮಗು ಮಲಗಿದ ತೊಟ್ಟಿಲಿನಷ್ಟು ಮೆಲ್ಲಗೆ
ಬೇಲಿಯಾಚೆ ಎಳೆದಳು.

ಈ ಕಡೆಯ ಕೊಯ್ತ, ಆ ಕಡೆಯ ಕೊಯ್ತ
ನಡುವೆ ಅರ್ಧ ಇಂಚು ತಪ್ಪಿ ಸೇರಿವೆ.
ದಾರಿಯ ಪಕ್ಕ ಉಳಿದ ದಿಮ್ಮಿಯ ಕೆಂಪು ಮುಖದಲ್ಲಿ
ಒಂದು ಸಣ್ಣ ಮೆಟ್ಟಿಲು.
ಹನ್ನೊಂದು ಮಕ್ಕಳಲ್ಲೊಬ್ಬ
ಬಸ್ಸು ಬರುವ ತನಕ
ಅದರ ಮೇಲೆ ಹೆಬ್ಬೆರಳು ಓಡಿಸುತ್ತಾನೆ.