ಫೆಬ್ರವರಿ ಮೂವತ್ತು

ನಿಮಗೆಲ್ಲ ಹೊಸ ವರ್ಷ ಜನವರಿಗೆ.
ನನಗೆ ಆಟಿಯಲ್ಲೇ ಬರುತ್ತದೆ,
ತೆಂಕಪೇಟೆಯ ಓಣಿಯೊಳಗೆ, ಕಾಮತರ ಪ್ರೆಸ್ಸಿನಲ್ಲಿ.
ಹೊರಗೆ ಧೋ ಎಂದು ಸುರಿಯುವಾಗ
ಒಳಗೆ ಶಾಯಿ ಒಣಗದ ಜನವರಿ, ಅಟ್ಟಿ ಅಟ್ಟಿ.
ಚಿನ್ನದಂಗಡಿಗೆ ಮೂರು ಸಾವಿರ, ಸೊಸೈಟಿಗೆ ಎರಡು,
ಬೇಕರಿಯವನಿಗೆ ಐನೂರು, ಅದೂ ಸಾಲ.
ಊರಿಗೆ ವರ್ಷ ತಲುಪುವ ಹೊತ್ತಿಗೆ
ನಾನದನ್ನು ತಿರುವಿ, ಎಣಿಸಿ, ಕಟ್ಟು ಕಟ್ಟಿ
ಸಾಕಾಗಿ ಕೂತಿರುತ್ತೇನೆ.

ಆದರೂ ಆಸೆ. ಕಳೆದ ಡಿಸೆಂಬರಿನಲ್ಲಿ ಡಾಕ್ಟರ್ ಅಡಿಗರು
ಶುಗರಿನ ಚೀಟಿ ನೋಡಿ, ಕನ್ನಡಕ ತೆಗೆದು,
"ವಾಮನ, ನಡೀಬೇಕು ಮಾರಾಯ, ದಿನಕ್ಕೊಂದು ಗಂಟೆ" ಎಂದದ್ದಕ್ಕೆ
ಮನೆಗೊಂದು ಕ್ಯಾಲೆಂಡರ್ ಒಯ್ದೆ.
ಒಳ್ಳೆಯದಲ್ಲ, ಹಾಳಾದದ್ದು:
ಟೈಪು ಮಾಡುವ ಹುಡುಗ ಜನವರಿಯ ಚೌಕಗಳನ್ನೇ ನಕಲಿಸಿ
ಮೂವತ್ತೊಂದನ್ನು ಮಾತ್ರ ಅಳಿಸಿ, ಚಾಕ್ಕೆ ಹೋಗಿ
ಫೆಬ್ರವರಿಗೆ ಮೂವತ್ತು ದಿನ ಕೊಟ್ಟಿದ್ದ.
ಎರಡು ಸಾವಿರ ಹಾಳೆ ಹೋದ ಮೇಲೆ ಗೊತ್ತಾದದ್ದು.
ಕಾಮತರು ಬೈಯಲಿಲ್ಲ. ಒಂದು ಲೋಟ ನೀರು ಕುಡಿದರು.
ಆ ಮೂವತ್ತಕ್ಕೆ ತಿಥಿ ಉಂಟು, ನಕ್ಷತ್ರ ಉಂಟು,
ರಾಹುಕಾಲವೂ ಉಂಟು.
ದಿನ ಮಾತ್ರ ಇಲ್ಲ.

ಅದರ ಬೆನ್ನಿಗೆ ಬರೆದೆ, ಬಾಲ್‌ಪೆನ್ನಿನಲ್ಲಿ:
ಐದಕ್ಕೆ ಏಳುವುದು. ನಡೆಯುವುದು.
ಚಾಕ್ಕೆ ಸಕ್ಕರೆ ಬೇಡ. ಎಲೆ ಅಡಿಕೆ ಬಿಡುವುದು.
ಶಿರ್ವದ ಅಕ್ಕನಿಗೆ ವಾರಕ್ಕೊಂದು ಫೋನು.
ಕೊನೆಗೆ ಇನ್ನೇನೋ ಇತ್ತು,
ಎಣ್ಣೆಯ ಕಲೆ ಬಿದ್ದು ಓದಲಾಗುವುದಿಲ್ಲ.

ನಡೆದ ದಿನಕ್ಕೊಂದು ಕೆಂಪು ಗೀಟು,
ಪ್ರೆಸ್ಸಿನದೇ ಶಾಯಿ, ರಜೆಗೆ ಹಾಕುವುದು.
ಒಂದರಿಂದ ಒಂಬತ್ತು: ಹಬ್ಬವೋ ಹಬ್ಬ.
ಹತ್ತಕ್ಕೆ ಮಗಳ ಅತ್ತೆ ಬಂದರು.
ಹದಿಮೂರಕ್ಕೆ ಮೊಣಕಾಲು.
ಆಮೇಲೆ ಕಲ್ಸಂಕದ ನಾಯಿ.
ಫೆಬ್ರವರಿಯಲ್ಲಿ ಒಂದೇ ಗೀಟು, ಅದು ಬಸ್ಸು ತಪ್ಪಿದ್ದಕ್ಕೆ.
ಉಳಿದದ್ದನ್ನೆಲ್ಲ ಮೂವತ್ತಕ್ಕೆ ಇಟ್ಟುಕೊಂಡೆ.
"ಅಕ್ಕನಿಗೆ ಯಾವಾಗ ಫೋನು?" ಎಂದಳು ಸುಗಂಧಿ.
"ಮೂವತ್ತಕ್ಕೆ."
ಗೋಡೆ ನೋಡಿದಳು. ನಗಲಿಲ್ಲ.
ಹಾಳೆ ತಿರುವಿ ಮಾರ್ಚು ಮಾಡಿದಳು.

ಜೂನಿನಲ್ಲಿ ಬೆನಡಿಕ್ಟಾ ಬಾಯಿ
ಬಾವಿಕಟ್ಟೆಯ ಪಾಚಿಗೆ ಜಾರಿ ಕಾಲು ಮುರಿದುಕೊಂಡರು.
ಅವರಿಲ್ಲದೆ ಬೈಂಡಿಂಗ್ ಆಗುವುದಿಲ್ಲ.
ಅವರು ಮಡಚಿದ ಹಾಳೆ
ಹುಟ್ಟಿದ್ದೇ ಹಾಗೆ ಎಂಬಂತೆ ಕೂತಿರುತ್ತದೆ.
ಸಂಜೆ ಆರಕ್ಕೆ ಬಿಲ್ ಬುಕ್ಕಿನ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಕಲ್ಸಂಕ ದಾಟಿ, ಗುಂಡಿಬೈಲು ದಾಟಿ,
ಅಂಬಾಗಿಲಿನಾಚೆ ಅವರ ಮನೆಗೆ ಮುಟ್ಟಿಸುವುದು
ನನ್ನ ಪಾಲಿಗೆ ಬಂತು.
ಬಸ್ಸಿನಲ್ಲಿ ರಶ್ಶು. ಮೂಲೆ ನಲುಗಿದರೆ ಅವರು ಎರಡು ದಿನ ಮಾತಾಡುವುದಿಲ್ಲ.
ನಡೆದೆ. ಮರುದಿನವೂ, ಅದರ ಮರುದಿನವೂ,
ಒಂದು ಕೈಲಿ ಕೊಡೆ, ಒಂದು ಕೈಲಿ ಕಟ್ಟು.
ನಾಯಿಗೂ ಅಭ್ಯಾಸವಾಯಿತು.
ಕೋಲೂರಿ ನಿಂತು ಅವರು ಕೊಡುವ ಚಾ ಕಡು ಕಪ್ಪು;
ಸಕ್ಕರೆ ಡಬ್ಬಿ ಮೇಲಿನ ಹಲಗೆಯಲ್ಲಿ, ಅವರಿಗೆ ಎಟುಕುವುದಿಲ್ಲ.
ನಾನು ಕೇಳಲಿಲ್ಲ.
ಗೀಟು ಹಾಕಬೇಕೆಂದು ಹೊಳೆಯಲೂ ಇಲ್ಲ.

ಮೊನ್ನೆ ಅಡಿಗರು ಚೀಟಿ ಎರಡು ಸಲ ನೋಡಿದರು.
"ಎಂತ ಮಾಡಿದ್ದು ನೀನು?"
"ಎಂತ ಇಲ್ಲ ಡಾಕ್ಟ್ರೆ. ಬಿಲ್ ಬುಕ್ಕು."

ಎಲೆ ಅಡಿಕೆ ಬಿಟ್ಟಿಲ್ಲ. ಐದಕ್ಕೆ ಎದ್ದಿಲ್ಲ.
ಅಕ್ಕನಿಗೆ ಒಮ್ಮೆ ಮಾಡಿದೆ, ಎಂಗೇಜು ಬಂತು,
ಸಮಾಧಾನವಾಯಿತು ಎಂದರೆ ತಪ್ಪು ತಿಳಿಯಬೇಡಿ.

ಈಗ ಮತ್ತೆ ಆಟಿ.
ಫೆಬ್ರವರಿಯನ್ನು ಬೆರಳಿಟ್ಟು ಮೂರು ಸಲ ಎಣಿಸಿದೆ: ಇಪ್ಪತ್ತೆಂಟು.
ಮಿಷನ್ ಬಿಟ್ಟೆವು.
ಬೆನಡಿಕ್ಟಾ ಬಾಯಿ ಕೋಲು ಬಿಟ್ಟಿದ್ದಾರಂತೆ,
ಮುಂದಿನ ಸೋಮವಾರ ಪ್ರೆಸ್ಸಿಗೇ ಬರುತ್ತಾರಂತೆ.
ಸಂಜೆ ಆರಕ್ಕೆ ಕಾಲು ಕೇಳಿದರೆ
ಎಲ್ಲಿಗೆ ಎಂದು ಹೇಳಲಿ?

ಅದನ್ನೊಂದು ಹಾಳೆಯ ಬೆನ್ನಿಗೆ ಬರೆದಿಡೋಣವೆಂದು ಕೂತೆ.
ಪೆನ್ನಿನ ಮುಚ್ಚಳ ತೆಗೆದೆ.
ಮಳೆ ಸ್ವಲ್ಪ ಹಿಡಿದಿತ್ತು, ಇವತ್ತಿನ ಕಟ್ಟು ಬಾಗಿಲ ಬಳಿ ಇತ್ತು.
ಚಪ್ಪಲಿ ಎಲ್ಲಿ ಬಿಟ್ಟೆ ನಾನು.