ಎಣಿಕೆ ಸೊನ್ನೆಯಿಂದ

ಗ್ರಿಮ್ಸ್‌ಬಿಯ ಹಳೆಯ ಬಲೆಗೋದಾಮಿನ ನೆಲಮಾಳಿಗೆ.
ಗುರುವಾರದಿಂದ ಒಂದೇ ಸಮ ಕೂಗುತ್ತಿದೆಯಂತೆ ಪೆಟ್ಟಿಗೆ;
ಮೊರೀನ್ ಟಾಸ್ಕರ್ ಅದಕ್ಕೆ
ಟೀ ಕೆಟಲಿನ ಉಣ್ಣೆಯ ಟೋಪಿ ತೊಡಿಸಿದ್ದಾಳೆ.
"ಈಗ ಸ್ವಲ್ಪ ವಾಸಿ."

ಟೋಪಿ ತೆಗೆದೆ. ಬೀಪ್.
ನಾಲ್ಕು ಖಾನೆ, ನಾಲ್ಕು ಡಿಸ್ಕು,
ಹಣೆಗೆ ಕೀರನ್ ಎಂಬ ಹುಡುಗ ಅಂಟಿಸಿದ ಚೀಟಿ:
೧, ೨, ೩, ೪.
ಒಳಗೆ, ಐಸ್‌ಲ್ಯಾಂಡಿನ ತನಕ ಮೀನಿಗೆ ಹೋಗಿ ಬಂದವರ
ಆರುನೂರು ಗಂಟೆಯ ಮಾತು.
ಬೇರೆ ನಕಲು ಉಂಟೇ, ಎಂದೆ.
ನಾಲ್ಕು ಇವೆಯಲ್ಲ, ಎಂದಳು.
ಎಲ್ಲರೂ ಹಾಗೇ ಅನ್ನುತ್ತಾರೆ.
ಕೋಟು ಬಿಚ್ಚಿ ಮೊಳೆಗೆ ಹಾಕಿದೆ.

ರೇಡ್ ಅಂದರೆ ಇಷ್ಟೆ:
ಒಂದು ಕತೆಯನ್ನು ನಾಲ್ವರಿಗೆ ಹರಿದು ಹಂಚುವುದು.
ಒಬ್ಬನ ಬಾಯಿ ಕಟ್ಟಿದರೆ
ಮೂವರು ಲೆಕ್ಕ ಹಾಕಿ ಅವನ ಪಾಲನ್ನೂ ಹೇಳುತ್ತಾರೆ.
ಇಬ್ಬರದು ಕಟ್ಟಿದರೆ ಕತೆ ಇಲ್ಲ.
ಇಲ್ಲಿ ಇಬ್ಬರದು ಕಟ್ಟಿತ್ತು.

ಲಾಗನ್ನು ಕೆಳಗಿನಿಂದ ಓದುವುದು ನನ್ನ ಚಾಳಿ.
ಕೊನೆಯ ಸಾಲು: ಮರುಕಟ್ಟುವಾಗ, ಶೇಕಡ ಮೂವತ್ತೊಂದರಲ್ಲಿ,
ಡಿಸ್ಕ್ ೨ ಕೈಚೆಲ್ಲಿದೆ.
ಸಾಕು ಅನ್ನಿಸಿತು. ಅದನ್ನು ಹೊರಗೆಳೆದು
ಹೊಸ ಡಿಸ್ಕಿಗೆ ನಕಲಿಳಿಸಲು ಕೂತೆ.
ಹಠ ಮಾಡಬೇಡ, ಓದಲಾಗದ್ದನ್ನು ಬಿಟ್ಟು ಮುಂದೆ ಹೋಗು,
ಆಮೇಲೆ ಹಿಂದಿನಿಂದ ಬಾ,
ಮತ್ತೆ ಬಾ, ಇನ್ನೊಮ್ಮೆ ಬಾ.
ಸೂಜಿಯಂಥ ಟಿಕ್ಕು, ನಡುವೆ ನಿಟ್ಟುಸಿರು.
ಹೊಗೆ ಹಾಕಿದ ಮೀನಿನ ವಾಸನೆ ಗೋಡೆಯಿಂದಲೇ ಬರುತ್ತಿತ್ತು.
ಬೆಳಗಿನ ನಾಲ್ಕಕ್ಕೆ ಉಳಿದದ್ದು
ನೂರಿಪ್ಪತ್ತೆಂಟು ಸೆಕ್ಟರು.
ಗೆದ್ದೆ ಅಂದುಕೊಂಡೆ.

ಮೊರೀನ್ ಕೇಳಬಯಸಿದ್ದು ವಿಲ್ಫ್ ಆಸ್ಗರ್ಬಿಯನ್ನು.
ಎಂಬತ್ತೇಳರಲ್ಲಿ ಮೈಕು ಹಿಡಿದಿದ್ದವಳು ಇವಳೇ.
"ಹಗ್ಗ ಹಿಮಗಟ್ಟಿ ಕಬ್ಬಿಣವಾಗಿತ್ತು. ಆಗ ಆ ಹುಡುಗ"
ಒಂದು ಬಿಳಿ ಮೌನ
"ಕೊಡಲಿ ಎತ್ತಿದ."

"ಅಲ್ಲಿ ಅವನು ಕೆಮ್ಮುತ್ತಾನೆ," ಎಂದಳು.
"ಕೆಮ್ಮು ಎಲ್ಲಿ?"

ಮುಕ್ಕಾಲು ಸೆಕೆಂಡು, ಮೊರೀನ್,
ಆರುನೂರು ಗಂಟೆಯಲ್ಲಿ.
ಅವಳು ಏನೂ ಅನ್ನಲಿಲ್ಲ.
ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು.

ನಾಚಿಕೆಯಾಗಿ ಲಾಗನ್ನು ಮೇಲಿನಿಂದ ಓದಿದೆ.
ಗುರುವಾರ ಮಧ್ಯಾಹ್ನ: ಡಿಸ್ಕ್ ೨, ಓದಲು ತಡವರಿಕೆ.
ಗುರುವಾರ ಸಂಜೆ: ಡಿಸ್ಕ್ ೧ ಹೊರತೆಗೆಯಲಾಗಿದೆ.
ಒಂದು?
ಯಂತ್ರದ ಎಣಿಕೆ ಸೊನ್ನೆಯಿಂದ.
ಹುಡುಗನ ಎಣಿಕೆ ನಮ್ಮ ನಿಮ್ಮೆಲ್ಲರ ಹಾಗೆ
ಒಂದರಿಂದ.
ಯಂತ್ರ ಎರಡು ಎಂದಾಗ ಅವನು ಎರಡನೆಯ ಚೀಟಿ ನೋಡಿ
ಗಟ್ಟಿಮುಟ್ಟಾಗಿದ್ದುದನ್ನು ಕಿತ್ತಿದ್ದಾನೆ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನಾನೂ ಇಡೀ ರಾತ್ರಿ ಎತ್ತಿನ ನಾಡಿ ಹಿಡಿದು ಕೂತಿದ್ದೆ,
ಎಮ್ಮೆ ಎಲ್ಲಿ ಎಂದು ಕೇಳಲೇ ಇಲ್ಲ.

"ಕೀರನ್ ತೆಗೆದದ್ದು ಎಸೆದುಬಿಟ್ಟಿರಾ?"
"ಛೆ, ನಾನು ಯಾವುದನ್ನೂ ಎಸೆಯುವವಳಲ್ಲ."
ಡ್ರಾಯರಿನಲ್ಲಿ, ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ,
ಮೇಲೆ ಮಾರ್ಕರಿನಲ್ಲಿ: ಕೆಟ್ಟಿದೆ.

ಸೊನ್ನೆ, ಒಂದು, ಮೂರು. ಬರೀ ಓದಲು ಬಿಟ್ಟೆ, ಬರೆಯಲು ಬಿಡಲಿಲ್ಲ.
ಮೂವರೂ ತಂತಮ್ಮ ಪಾಲು ಮುಂದಿಟ್ಟರು.
ಕೂಡಿ ಕಳೆದು, ಬಾಯಿ ಕಟ್ಟಿದವನ ಜಾಗದಲ್ಲಿ ಇದ್ದದ್ದು
ಅಕ್ಷರವಲ್ಲ, ಅರ್ಥವಲ್ಲ,
ಎದೆಗೂಡಿನೊಳಗೆ ಕಲ್ಲಿದ್ದಲು ಜಾರಿದ ಸದ್ದು.

"ಹೂಂ," ಎಂದಳು ಮೊರೀನ್. "ಇನ್ನೊಂದು ಸಲ ಹಾಕು."
ಐದು ಸಲ ಹಾಕಿದೆ.
ಐದನೆಯ ಸಲ ಅವಳೇ ಅವನಿಗಿಂತ ಮೊದಲು ಕೆಮ್ಮಿದಳು.

ಹೊರಡುವ ಮುಂಚೆ ಎರಡು ನಕಲು ಮಾಡಿ,
ಒಂದನ್ನು ಅವಳ ಮನೆಗೇ ಕಳಿಸಿ,
ಚೀಟಿಗಳನ್ನು ಕಿತ್ತು ಹೊಸದು ಬರೆದೆ: ೦, ೧, ೨, ೩.
ಯಾರಿಗೂ ಬೇಡವಾದ ಆ ನಾಲ್ಕು
ಕೋಟಿನ ತೋಳಿಗಂಟಿಕೊಂಡು
ಡಾನ್‌ಕಾಸ್ಟರಿನ ತನಕ ನನ್ನ ಜೊತೆ ರೈಲಿನಲ್ಲಿ ಬಂತು.