ತೋಳಿನ ಪಟ್ಟಿ

ತೇರದಾಳ ದಾಟಿ, ಉಳ್ಳಾಗಡ್ಡಿಯವರ ಬಾವಿ ಹಿಂದ
ಹದಿನಾಕು ಗುಡಿಸಲು, ಒಂದಕ್ಕೂ ಬಾಗಿಲಿಲ್ಲ.
ರವದಿ ಹೊದಿಸಿ, ಮ್ಯಾಲ ನೀಲಿ ತಾಡಪತ್ರಿ ಎಳದು
ಹಾರಬಾರದಂತ ಕಲ್ಲು ಹೇರ್ಯಾರ.
ಸಿಂದಗಿ ಕಡೆ ತಾಂಡಾದ ಮಂದಿ.
ದೀಪಾವಳಿ ಮರುದಿನ ಲಾರಿ ಹತ್ತಿದವರು
ಊರು ನೋಡೂದು ಇನ್ನ ಹೋಳಿಗೆ,
ಅದೂ ಮುಕಾದಮ ಬಿಟ್ಟರ.

ನಾ ಅಂಗನವಾಡಿ ಬಾಯಿ. ನನ್ನ ರಜಿಸ್ಟರಿನಾಗ
ಇವರ ಮಕ್ಕಳ ಹೆಸರು ಕೂಡೂದಿಲ್ಲ.
"ಅಲ್ಲಿಯ ಕೂಸಿಗೆ ಇಲ್ಲಿಯ ತತ್ತಿ ಹೆಂಗ ಬರೀತೀಯವಾ?"
ಅಂತ ಮೇಲ್ವಿಚಾರಕಿ ಕೇಳಿದ್ದಳು. ಸಿಟ್ಟಿಲೆ ಅಲ್ಲ,
ಖರೇನ ತಿಳೀಲಾರದನ.

ಆದರೂ ಒಂದು ಮಂಗಳವಾರ ಹೋದೆ.
ದೊಡ್ಡವರು ಒಬ್ಬರೂ ಇರಲಿಲ್ಲ.
ನಾಯಿಮರಿ, ಕಪ್ಪಾದ ಮೂರು ಕಲ್ಲು,
ಪೈಪಿನ ಬುಡಕ ಬಾಯಿ ತೆರಕೊಂಡು ಕೂತ ಕೊಡಗೋಳು.
ತ್ರೀ ಫೇಸ್ ಕರೆಂಟ್ ಬಂದರ ನೀರು,
ಕರೆಂಟು ಬರೂದು ರಾತ್ರಿ ಎರಡಕ್ಕ.
ಟ್ರ್ಯಾಕ್ಟರೂ ಆವಾಗನ ಬರತೈತಿ.
ಯಾಡಿ, ಬಾಪು ಇಬ್ಬರೂ ಕಬ್ಬು ಹೇರಾಕ ಎದ್ದು ಹೋದರ
ಕೊಡ ತುಂಬುವಾಕಿ ಝಮ್ಕು. ವಯಸ್ಸು ಏಳು, ಇಲ್ಲಾ ಎಂಟು.
"ಕತ್ತಲದಾಗ ಅಂಜಿಕಿ ಬರೂದಿಲ್ಲೇನ?" ಅಂದೆ.
"ನಾ ಅಂಜಿದರ ಇಂವ ಏಳತಾನ," ಅಂದಳು,
ಸೊಂಟದ ಮ್ಯಾಲಿನ ತಮ್ಮನ್ನ ಸರಿ ಮಾಡಕೋತ.

ಚೀಲದಾಗಿನ ಪಟ್ಟಿ ತಗದೆ, ತೋಳು ಅಳಿಯೂ ಪಟ್ಟಿ.
ಹಸಿರಿದ್ದರ ಚಲೋ, ಹಳದಿಗೆ ಕಾಳಜಿ, ಕೆಂಪಿಗೆ ದವಾಖಾನಿ.
ಪೋಮೂನ ತೋಳಿಗೆ ಸುತ್ತಿದೆ. ಕೆಂಪು.
ಬಿಚ್ಚಿ ಮತ್ತ ಸುತ್ತಿದೆ.

ಝಮ್ಕು ಪಟ್ಟಿ ಕಸಕೊಂಡಳು.
ನಾಯಿಮರಿ ಕಾಲಿಗೆ ಸುತ್ತಿದಳು, ಕೆಂಪು.
ಕತ್ತಿಯ ಹಿಡಿಕಿಗೆ, ಕೆಂಪು.
ತನ್ನ ತೋಳಿಗೆ ಸುತ್ತಿ, ತುಸು ಹೊತ್ತು ನೋಡಿ, ಏನೂ ಹೇಳಲಿಲ್ಲ.
ಆಮ್ಯಾಲ ಬದುವಿನಾಗ ನಿಂತ ದಪ್ಪನ ಕಬ್ಬೊಂದು
ಬುಡ ಹಿಡದು ಅಳದಳು. ಅದೂ ಕೆಂಪು.
"ಬಾಯಾರ, ಕಬ್ಬಿಗೂ ಜಡ್ಡೈತಿ!"
ತಮ್ಮನ ತೋಳು ಅದರ ಮಗ್ಗಲಿಗೆ ಹಚ್ಚಿ
ಎರಡೂ ಒಂದನ ಅಂತ ನಕ್ಕಳು.
ನನಗ ನಗು ಬರಲಿಲ್ಲ ಅಂತ ಹೆಂಗ ಹೇಳಲಿ, ಬಂತು.
ನಕ್ಕ ಮ್ಯಾಲ ಗಂಟಲದಾಗ
ರವದಿ ಎಳಿ ಸಿಕ್ಕಂಗಾತು.

ಮಧ್ಯಾಹ್ನ ಅವರವ್ವ ಘಮ್ಲಿಬಾಯಿ ಬಂದಳು,
ತಲಿ ಮ್ಯಾಲ ವಾಡಿಯ ಸಿವುಡು, ಮಾರಿದರ ಹಿಟ್ಟಿನ ಗಿರಣಿಗೆ ಆಕೈತಿ.
ಮುಂಗೈ ತುಂಬ ಗರಿ ಗೀರಿದ ಗೆರಿ.
ಹದಿನಾಕು ದಿನ ಕೂಸಿನ ಜೋಡಿ
ದವಾಖಾನ್ಯಾಗ ಇರಬೇಕಾಗತೈತಿ ಅಂದೆ.
ನನ್ನನ್ನ ನೋಡಿದಳು, ಕೂಸು ನೋಡಿದ್ಹಾಂಗ.
"ಗಂಡ ಹೆಂಡತಿ ಕೂಡಿದರ ಒಂದು ಕೋಯ್ತಾ, ಬಾಯಿ.
ಮುಂಗಡ ಕೊಟ್ಟಾವ ಹಂಗ ಬರಕೊಂಡಾನ.
ನಾ ಎದ್ದು ಹೋದರ
ಅರ್ಧ ಕತ್ತಿ ಕಬ್ಬು ಕಡೀತೈತೇನು?"

ಗೈರಾದ ಮಕ್ಕಳ ಪಾಲಿನ ತತ್ತಿ ಆರು ಇದ್ದುವು, ಕೊಟ್ಟೆ.
ಪೌಷ್ಟಿಕ ಹಿಟ್ಟಿನ ಎರಡು ಪಾಕೀಟು.
ಝಮ್ಕು ಪಟ್ಟಿ ಬಿಡಲಿಲ್ಲ, ಬಿಡಸಾಕ ಮನಸಾಗಲಿಲ್ಲ.
ಕಳದೈತಿ ಅಂತ ಬರದೆ.
ರಜಿಸ್ಟರಿನ ಕಡೀ ಹಾಳ್ಯಾಗ, ಪೆನ್ಸಿಲ್ಲಿಲೆ:
ಪೋಮು, ಒಂದೂವರಿ ವರ್ಷ, ಕೆಂಪು.
ಅನುಕ್ರಮ ಸಂಖ್ಯೆ ಇಲ್ಲ.

ಮುಂದಿನ ಮಂಗಳವಾರ ಹೊಲ ಬೋಳಾಗಿತ್ತು.
ಕೂಳಿಗೆ ಬೆಂಕಿ ಹಚ್ಚಿದ್ದರು.
ಟೋಳಿ ಎತ್ತ ಹೋತು ಅಂದರ ಉಳ್ಳಾಗಡ್ಡಿಯವರ ಆಳು
ಕೈ ಬೀಸಿದ, ಜಮಖಂಡಿ, ಮುಧೋಳ, ಅಥಣಿ
ಮೂರೂ ಆ ಬೀಸಿನಾಗ ಇದ್ದುವು.

ಸಂಕ್ರಾಂತಿ ಕಳದು ಒಂದು ಸಂಜಿ
ರಬಕವಿ ರೋಡಿನಾಗ ಬಸ್ಸು ನಿಂತಿತ್ತು.
ಎದುರಿಗೆ ಎರಡು ಟ್ರೇಲರಿನ ಟ್ರ್ಯಾಕ್ಟರು, ಕಬ್ಬಲ್ಲ,
ಕೊಡ, ಆಡು, ಸುತ್ತಿದ ತಾಡಪತ್ರಿ,
ಅದರ ಮ್ಯಾಲ ಮಕ್ಕಳು.
ಟೇಪಿನ ಹಾಡು ಕಿವಿ ಹರೀತಿತ್ತು.
ಆ ಗದ್ದಲದಾಗ ಒಂದು ದನಿ,
"ಬಾಯಾರ! ಹಳದಿ! ಹಳದಿ!"

ಕಿಡಕಿಗೆ ಮಾರಿ ಹಚ್ಚೂದ್ರಾಗ ದಾಟಿತ್ತು.
ಒಂದು ಕೈ ಕಂಡಿತು, ಅದರಾಗ ಪಟ್ಟಿಯ ತುದಿ.
ಹಳದಿ ಆಗಿದ್ದು ತಮ್ಮಂದೋ,
ಆ ಹೊಲದ ಕಬ್ಬಿಂದೋ,
ಅಷ್ಟು ಕೇಳಬೇಕಿತ್ತು.